ಅಂಚೆಗೆ ಬೀಳದ ಪತ್ರಗಳು

ಮೌಲಾನಾ ಅಬುಲ್ ಕಲಾಮ್ ಆಝಾದರ 'ಗುಬಾರೆ ಖಾತಿರ್'ನ ಬಹುಪಾಲು ಪತ್ರಗಳು 1942ರ ಆಗಸ್ಟ್ ಬಂಧನದ ಬಳಿಕ ಅಹ್ಮದ್‌ನಗರ ಕೋಟೆಯಲ್ಲಿ ಬರೆದವು. ಗೆಳೆಯ ಹಬೀಬುರ್ರಹ್ಮಾನ್ ಖಾನ್ ಶೇರ್ವಾನಿಯವರನ್ನು ಸಂಬೋಧಿಸಿದ ಅವನ್ನು ಸೆರೆಯಿಂದ ಕಳಿಸುವಂತಿರಲಿಲ್ಲ, 1946ರಲ್ಲಿ ಪುಸ್ತಕವಾದವು.

ವಿಮರ್ಶಕರು ಚಹಾದ ಪತ್ರವನ್ನೇ ಕೊಂಡಾಡುತ್ತಾರೆ. ನನಗದು, ಹೆಜ್ಜೆಹೆಜ್ಜೆಗೂ ಎದುರಾಗುವ ಫಾರಸಿ ದ್ವಿಪದಿಗಳಂತೆ, ತುಸು ಪಾಂಡಿತ್ಯದ ಠೀವಿ ಎನಿಸುತ್ತದೆ. ಗುಬ್ಬಚ್ಚಿಗಳ ಕಥೆ ವಾಸಿ. ಆದರೆ 1943ರ ಏಪ್ರಿಲ್‌ನ ಪತ್ರದ ತೂಕವೇ ಬೇರೆ. ಪತ್ನಿ ಝುಲೈಖಾ ಬೇಗಂ ಕಲ್ಕತ್ತೆಯಲ್ಲಿ ಮರಣಶಯ್ಯೆಯಲ್ಲಿದ್ದರು. ಸರಕಾರಕ್ಕೆ ಹೇಳುವುದೇನಾದರೂ ಇದ್ದರೆ ತಲುಪಿಸುತ್ತೇನೆಂದ ಜೈಲಧಿಕಾರಿಗೆ ಆಝಾದ್ ಬೇಡವೆಂದರು. ಹೊರಗೆ ಸ್ಥೈರ್ಯ, ಒಳಗೆ ತಳಮಳ, ಅದನ್ನವರು ಮುಚ್ಚಿಡುವುದಿಲ್ಲ. ಆ ಸ್ವಾಭಿಮಾನ ದೊಡ್ಡದು, ನಿಜ. ಅದಕ್ಕೆ ಬೆಲೆ ತೆತ್ತವರಲ್ಲಿ ಆಕೆಯೂ ಒಬ್ಬರು. ಇಡೀ ಸಂಕಲನದಲ್ಲಿ ಆಕೆಯನ್ನು ಸಂಬೋಧಿಸಿದ ಪತ್ರ ಒಂದೂ ಇಲ್ಲ.