ಕಹಿ ನೆನಪನ್ನು ಬರೆದರೆ ಹಗುರವಾಗುವುದೇ?

ನೋವಿನ ನೆನಪನ್ನು ಕಾಗದಕ್ಕೆ ಇಳಿಸಿದರೆ ನೋವು ತಗ್ಗುತ್ತದೆ ಎಂಬ ಸಲಹೆ ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಹೊಳೆ ದಂಡೆಯ ಶಾಲೆಯಲ್ಲಿ ಮಕ್ಕಳಿಂದ ನೆರೆಯ ಬಗ್ಗೆ ಪ್ರಬಂಧ ಬರೆಸುವ ಶಿಕ್ಷಕರು ಇದರ ಹಿಂದಿರುವ ಪ್ರಯೋಗಗಳನ್ನು ತಿಳಿದಿರುವುದು ಅಗತ್ಯ.

1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 46 ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಆಘಾತದ ಘಟನೆಯನ್ನೂ ಅದರ ಭಾವನೆಗಳನ್ನೂ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಸಲಹೆಗಾರರು ಇಲ್ಲಿಗೇ ನಿಲ್ಲುತ್ತಾರೆ. ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಕದಡಿತ್ತು, ರಕ್ತದೊತ್ತಡ ಏರಿತ್ತು ಎಂಬುದನ್ನು ಹೇಳುವುದಿಲ್ಲ. 2006ರಲ್ಲಿ ಜೋಆನ್ ಫ್ರಾಟರೋಲಿ ಇಂತಹ 146 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಸರಾಸರಿ ಸಹಸಂಬಂಧ ಗುಣಾಂಕ 0.075. ಇದನ್ನು ವರ್ಗ ಮಾಡಿದರೆ 0.0056. ಅಂದರೆ ವ್ಯಕ್ತಿಗಳ ನಡುವಣ ವ್ಯತ್ಯಾಸದಲ್ಲಿ ಬರವಣಿಗೆಯಿಂದ ವಿವರಿಸಬಹುದಾದದ್ದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಖರ್ಚಿಲ್ಲದ ವಿಧಾನಕ್ಕೆ ಇಷ್ಟೂ ಲಾಭವೇ. ಆದರೆ ರಾಮಬಾಣವೆನ್ನಲು ಸಾಲದು.

ಇನ್ನೊಂದು ವಿಧಾನ, ನೆನಪನ್ನು ದೂರ ನಿಂತು ಮೂರನೆಯವರಂತೆ ನೋಡಿ, 'ನನಗೆ ಹೀಗೇಕೆ ಅನ್ನಿಸಿತು?' ಎಂದು ಕೇಳಿಕೊಳ್ಳುವುದು. ಈಥನ್ ಕ್ರಾಸ್ ಮತ್ತು ಸಂಗಡಿಗರು 2005ರಲ್ಲಿ ಇದರಿಂದ ಸಿಟ್ಟು ಇಳಿಯುವುದನ್ನು ತೋರಿಸಿದರು. ಪ್ರಯೋಗ ಅಚ್ಚುಕಟ್ಟಾಗಿದೆ. ಆದರೆ ಅಲ್ಲಿ ನೆನಪಿಸಿಕೊಂಡದ್ದು ಆಗಿಹೋದ ಜಗಳಗಳನ್ನು.

ನಮ್ಮ ಜಿಲ್ಲೆಯ ಪ್ರಶ್ನೆ ಬೇರೆ. 2009ರ ಅಕ್ಟೋಬರ್ ಮೊದಲ ವಾರ ಮಾನ್ವಿಯ ಕಡೆ ತುಂಗಭದ್ರೆ, ದೇವದುರ್ಗದ ಕಡೆ ಕೃಷ್ಣೆ ದಂಡೆ ಮೀರಿ ಹರಿದವು; ಆಚೆ ದಡದ ಮಂತ್ರಾಲಯ ಮುಳುಗಿತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತೆ ಉಕ್ಕಿ, ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ನೀರಿನಡಿ ಹೋಯಿತು. ಜಗಳ ಮುಗಿಯುತ್ತದೆ, ಹೊಳೆ ಮತ್ತೆ ಬರುತ್ತದೆ. ಇಲ್ಲಿ ಭಯ ಬರೀ ರೋಗಲಕ್ಷಣವಲ್ಲ, ನೀರಿನ ಮಟ್ಟ ಅಳೆಯುವ ಕೋಲೂ ಹೌದು. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಕೇಳಿ ದನಕರು ಹೊಡೆದುಕೊಂಡು ಏರಿಗೆ ಹೋಗುವವನ ಭಯವನ್ನು ಯಾವ ತಂತ್ರದಿಂದ ತೆಗೆಯಬೇಕು? ತೆಗೆಯಲೇಬೇಕೇ? ರಾತ್ರಿ ನಿದ್ದೆ ಕೆಡಿಸುವ ಭಯ, ಎಚ್ಚರಿಸುವ ಭಯ ಎರಡನ್ನೂ ಈ ಪ್ರಯೋಗಗಳ ಮಾಪನ ಪಟ್ಟಿಗಳು ಒಂದೇ ಅಂಕಿಯಲ್ಲಿ ಎಣಿಸುತ್ತವೆ. ಇದು ಉಪಕರಣದ ದೋಷ.

ದುರಂತದ ಬೆನ್ನಿಗೇ ಜನರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲ ಹೇಳಿಸುವ ಪದ್ಧತಿಯಂತೂ ಮುಂದಿನ ಮನೋವ್ಯಾಧಿಯನ್ನು ತಡೆಯುವುದಿಲ್ಲವೆಂದು 2002ರ ಕೊಕ್ರೇನ್ ಸಮೀಕ್ಷೆಯೇ ಹೇಳಿದೆ. ನೆರೆಯ ಪ್ರಬಂಧ ಬರೆಸುವುದಾದರೆ ಒತ್ತಾಯ ಬೇಡ, ಅಂಕವೂ ಬೇಡ. ಬರೆದ ಮೇಲೆ ಮಂಕಾಗಿ ಕೂತ ಮಗುವನ್ನು ಶಿಕ್ಷಕರು ಒಂದೆರಡು ವಾರ ಗಮನಿಸಲಿ. ನಿದ್ದೆ, ಊಟ ಬಿಟ್ಟಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿದ್ದಾರೆ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ.