ಕಿವಿಯ ಕಿರುಮೂಳೆಗಳ ಜನ್ಮಜಾತ ವಿಕಾರ: ಒಂದು ವರ್ಗೀಕರಣದ ವಿಮರ್ಶೆ

ಮಧ್ಯಕರ್ಣದ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳ ಜನ್ಮಜಾತ ವಿಕಾರಗಳನ್ನು ಕುರಿತು ಡಚ್ ವೈದ್ಯರಾದ ತ್ಯೂನಿಸೆನ್ ಮತ್ತು ಕ್ರೆಮರ್ಸ್ 1993ರಲ್ಲಿ ಪ್ರಕಟಿಸಿದ ಲೇಖನವು 144 ಕಿವಿಗಳ ಅನುಭವವನ್ನು ಆಧರಿಸಿದೆ. ವೈದ್ಯಶಾಸ್ತ್ರವು ನಮ್ಮ ಕ್ಷೇತ್ರವಲ್ಲ. ಆದರೆ ವರ್ಗೀಕರಣವೂ ಒಂದು ಚಾರಿತ್ರಿಕ ದಾಖಲೆಯೇ. ಆ ದೃಷ್ಟಿಯಿಂದ ಅದನ್ನು ಪರಿಶೀಲಿಸಲು ಬಯಸುತ್ತೇವೆ.

ಈ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಸಾಮಾನ್ಯವಾಗಿ ವೀರಗಾಥೆಯಂತೆ ಹೇಳುವುದು ರೂಢಿ. 1870ರ ದಶಕದಲ್ಲಿ ಕೆಸೆಲ್ ರಿಕಾಪನ್ನು ಅಲುಗಿಸಲು ಯತ್ನಿಸಿದರು; 1900ರ ಸುಮಾರಿಗೆ ಪೊಲಿಟ್ಸರ್ ಮೊದಲಾದ ಹಿರಿಯರು ಅದನ್ನು ಖಂಡಿಸಿದರು; 1952ರಲ್ಲಿ ರೋಸೆನ್ ಅದನ್ನು ಪುನರುಜ್ಜೀವಿಸಿದರು; 1956ರಲ್ಲಿ ಷೇ ರಿಕಾಪನ್ನು ತೆಗೆದು ಕೃತಕ ಭಾಗವನ್ನು ಜೋಡಿಸಿದರು. ಇಲ್ಲಿ ಖಂಡಿಸಿದವರು ಪ್ರಗತಿಯ ವಿರೋಧಿಗಳಾಗಿ ಕಾಣುತ್ತಾರೆ. ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕವೂ, ಸೋಂಕಿಗೆ ಪೆನಿಸಿಲಿನ್ನೂ ಇಲ್ಲದ ಕಾಲದಲ್ಲಿ ಅವರ ಭಯವು ನಿರಾಧಾರವಾಗಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ದೋಷವೂ ಉಂಟು. ರೋಸೆನ್ ಮತ್ತು ಷೇ ಅವರ ಖ್ಯಾತಿಗೆ ಮುಖ್ಯ ಕಾರಣವಾದದ್ದು ಓಟೋಸ್ಕ್ಲೆರೋಸಿಸ್. ಅದರಲ್ಲಿ ಸಹಜವಾಗಿ ಬೆಳೆದ ರಿಕಾಪು ತರುವಾಯ ಬಿಗಿಯುತ್ತದೆ. ಜನ್ಮಜಾತ ವಿಕಾರದಲ್ಲಾದರೋ ರಚನೆಯೇ ಅಪೂರ್ಣ. ಮುಖದ ನರವು ದಾರಿತಪ್ಪಿ ಹಾದಿರಬಹುದು. ಒಳಗಿವಿಯ ಕಿಟಕಿಯೇ ಇಲ್ಲದಿರಬಹುದು. ಕೆಲವು ಕಿವಿಗಳಲ್ಲಿ ರಿಕಾಪನ್ನು ತೆರೆದೊಡನೆ ಒಳದ್ರವವು ರಭಸದಿಂದ ಉಕ್ಕಿ, ಉಳಿದ ಶ್ರವಣಶಕ್ತಿಯೂ ನಾಶವಾಗಬಹುದು. ಒಂದರ ಯಶಸ್ಸನ್ನು ಇನ್ನೊಂದಕ್ಕೆ ಆರೋಪಿಸುವುದು ಸರಿಯಲ್ಲ.

ಈ ಭೇದವನ್ನು ಸ್ಪಷ್ಟಪಡಿಸಿದ್ದೇ 1993ರ ಲೇಖನದ ಹಿರಿಮೆ. ರಿಕಾಪು ಮಾತ್ರ ಬಿಗಿದಿರುವುದು ಮೊದಲ ವರ್ಗ; ಅದರೊಡನೆ ಬೇರೆ ಮೂಳೆಯ ದೋಷವಿರುವುದು ಎರಡನೆಯದು; ರಿಕಾಪಿನ ತಳ ಚಲಿಸುತ್ತಿದ್ದು ಮೂಳೆಗಳ ಸರಪಣಿ ಕೆಟ್ಟಿರುವುದು ಮೂರನೆಯದು; ಕಿಟಕಿಯೇ ರೂಪುಗೊಳ್ಳದಿರುವುದು ನಾಲ್ಕನೆಯದು. ಈ ಕೊನೆಯ ವರ್ಗದಲ್ಲಿ ಶಸ್ತ್ರಚಿಕಿತ್ಸೆಯ ಫಲ ಅಲ್ಪ. ಯಾರಿಗೆ ಶಸ್ತ್ರವನ್ನು ತಾಗಿಸಬಾರದೆಂಬುದೂ ಜ್ಞಾನವೇ.

ಆದರೆ ಒಂದು ಕೊರತೆಯನ್ನು ಹೇಳದಿರಲಾರೆವು. ಈ ವರ್ಗಗಳು ಕಿವಿಯನ್ನು ತೆರೆದು ಕಂಡದ್ದರ ಮೇಲೆ ನಿಂತಿವೆ. ತಂದೆತಾಯಿಗಳು ನಿರ್ಧರಿಸಬೇಕಾದದ್ದಾದರೋ ತೆರೆಯುವುದಕ್ಕೆ ಮುನ್ನ. ಸಿ.ಟಿ. ಚಿತ್ರವು ಹಲವು ದೋಷಗಳನ್ನು ತೋರಿಸಿದರೂ ರಿಕಾಪಿನ ಬಿಗಿತವನ್ನು ಯಾವಾಗಲೂ ತೋರಿಸದು. ಈ ಕಿವುಡು ಸಾಮಾನ್ಯವಾಗಿ ವಯಸ್ಸಿನೊಡನೆ ಹೆಚ್ಚುವುದಿಲ್ಲವಾದುದರಿಂದ, ಶ್ರವಣಸಾಧನವನ್ನಿತ್ತು ಮಗುವಿಗೆ ಮಾತು ಕಲಿಸುತ್ತ ಕಾಯುವ ಮಾರ್ಗವೂ ಇದೆ. ವಿಜ್ಞಾನದ ಚರಿತ್ರೆಯನ್ನು ಬೋಧಿಸುವವರು ಸಾಹಸದೊಡನೆ ಈ ಸಂಯಮಕ್ಕೂ ಒಂದು ಅಧ್ಯಾಯವನ್ನು ಮೀಸಲಿಡಬೇಕು.