ಐನ್‌ಸ್ಟೈನರ ಒಂದು ಕಿರುಬರಹ

ಮಹಾಪಂಡಿತರ ದೊಡ್ಡ ಗ್ರಂಥಗಳಿಗೆ ವ್ಯಾಖ್ಯಾನಕಾರರು ಬೇಕಾದಷ್ಟು ಮಂದಿ. ಅವರು ಒಲ್ಲದ ಮನಸ್ಸಿನಿಂದ ಬರೆದು ಕೈತೊಳೆದುಕೊಂಡ ಬರಹಗಳನ್ನು ಪರಿಶೀಲಿಸುವವರು ವಿರಳ. 1936ನೆಯ ಇಸವಿ ಡಿಸೆಂಬರ್ 4ನೆಯ ತಾರೀಖಿನ ‘ಸೈನ್ಸ್’ ಪತ್ರಿಕೆಯಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಪ್ರಕಟಿಸಿದ, ಎರಡು ಪುಟವೂ ತುಂಬದ ಟಿಪ್ಪಣಿಯು ಇಂತಹ ಬರಹಗಳಲ್ಲೊಂದು. ನಕ್ಷತ್ರವೊಂದು ತನ್ನ ಹಿಂದೆ ಬಹುದೂರದಲ್ಲಿರುವ ಮತ್ತೊಂದು ನಕ್ಷತ್ರದ ಬೆಳಕನ್ನು ಗಾಜಿನ ಮಸೂರದಂತೆ ಬಾಗಿಸಬಲ್ಲುದೆಂಬುದೇ ಅದರ ವಿಷಯ.

ಸೂರ್ಯನ ಅಂಚನ್ನು ಸವರಿಕೊಂಡು ಬರುವ ತಾರೆಯ ಕಿರಣವು ಸೂರ್ಯನ ಗುರುತ್ವದಿಂದ 1.75 ವಿಕಲೆಗಳಷ್ಟು ಬಾಗಬೇಕೆಂದು ಐನ್‌ಸ್ಟೈನರು 1915ರಲ್ಲಿ ಸಾಧಿಸಿದ್ದರು. 1919ರ ಮೇ 29ರ ಪೂರ್ಣ ಸೂರ್ಯಗ್ರಹಣದಲ್ಲಿ ಆಂಗ್ಲ ಜ್ಯೋತಿರ್ವಿದರು ಅದನ್ನು ಅಳೆದು ನೋಡಿದರು. ವಿಕಲೆಯೆಂದರೆ ಒಂದು ಅಂಶದ 3600ನೆಯ ಒಂದು ಪಾಲು. ಇಷ್ಟು ಅಲ್ಪವಾದ ಬಾಗಿನಿಂದ ಏನಾದೀತೆಂದು ವಾಚಕರು ಕೇಳಬಹುದು. ಹಿಂದಿನ ತಾರೆ, ನಡುವಣ ತಾರೆ, ನೋಡುವ ಕಣ್ಣು ಈ ಮೂರೂ ಒಂದೇ ರೇಖೆಯಲ್ಲಿ ನಿಂತರೆ, ನಡುವಣ ತಾರೆಯ ಸುತ್ತಲೂ ಬಾಗಿ ಬಂದ ಬೆಳಕು ಒಂದು ಉಂಗುರವಾಗಿ ತೋರುತ್ತದೆ; ರೇಖೆ ಕೊಂಚ ತಪ್ಪಿದರೆ ಉಂಗುರವೊಡೆದು ಒಂದೇ ತಾರೆ ಎರಡಾಗಿ ತೋರುತ್ತದೆ. ಟಿಪ್ಪಣಿಯ ಗಣಿತದ ಫಲ ಇದೇ. ಆ ಗಣಿತದಲ್ಲಿ ದೋಷವಿಲ್ಲ.

ದೋಷವಿರುವುದು ಮನಸ್ಸಿನಲ್ಲಿ. ಮಾಂಡ್ಲ್ ಎಂಬ ಜೆಕ್ ದೇಶದ ಇಂಜಿನಿಯರೊಬ್ಬರು ಪ್ರಿನ್ಸ್‌ಟನ್ನಿಗೆ ಬಂದು ಈ ಲೆಕ್ಕವನ್ನು ಮಾಡಿಸಿದರೆಂದೂ, ಅವರ ಇಚ್ಛೆಯಂತೆ ಪ್ರಕಟಿಸುತ್ತಿರುವುದಾಗಿಯೂ ಮೊದಲಲ್ಲಿಯೇ ಹೇಳಿದೆ. ಅನ್ಯರ ಋಣವನ್ನು ಒಪ್ಪಿಕೊಂಡದ್ದು ಸೌಜನ್ಯವೇ ಸರಿ. ಆದರೆ ಹೊಣೆಯನ್ನು ಅತಿಥಿಯ ತಲೆಗೆ ಕಟ್ಟಿದಂತೆಯೂ ಆ ಮಾತು ಧ್ವನಿಸುತ್ತದೆ. ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದದಲ್ಲಂತೂ, ಇದಕ್ಕೆ ಬೆಲೆಯೇನೂ ಇಲ್ಲ, ಆ ಪಾಪದ ಮನುಷ್ಯನಿಗೆ ಸಂತೋಷವಾದೀತು ಎಂಬರ್ಥದ ಮಾತನ್ನು ಅವರು ಮುಚ್ಚುಮರೆಯಿಲ್ಲದೆ ಆಡಿದ್ದಾರೆ. ಮಾಂಡ್ಲರ ಕಲ್ಪನೆಗೆ ಕಡಿವಾಣವಿರಲಿಲ್ಲವೆಂಬುದೂ ನಿಜ. ಪ್ರಾಣಿಕುಲಗಳು ಹಠಾತ್ತಾಗಿ ಅಳಿದುದಕ್ಕೂ ಈ ಕೇಂದ್ರೀಕೃತ ಕಿರಣಗಳೇ ಕಾರಣವಿರಬಹುದೆಂದು ಅವರು ಊಹಿಸಿದ್ದರು.

ಈ ಅನಾಸ್ಥೆಯ ಗುರುತು ಬರಹದ ಮೈಮೇಲೆಯೇ ಇದೆ. ರಷ್ಯದ ಖ್ವೊಲ್ಸೊನರು 1924ರಲ್ಲಿಯೇ ಇಂತಹ ಉಂಗುರದ ಮಾತೆತ್ತಿದ್ದರು. ಜರ್ಮನ್ ಪತ್ರಿಕೆಯೊಂದರಲ್ಲಿ ಅವರ ಲೇಖನದ ಕೆಳಗೇ ಐನ್‌ಸ್ಟೈನರ ಬೇರೊಂದು ಟಿಪ್ಪಣಿ ಅಚ್ಚಾಗಿತ್ತು. ಆದರೂ ಖ್ವೊಲ್ಸೊನರ ಹೆಸರು ಇಲ್ಲಿಲ್ಲ. ಅದಕ್ಕಿಂತ ವಿಚಿತ್ರವಾದುದೊಂದುಂಟು: ಐನ್‌ಸ್ಟೈನರು 1912ರಲ್ಲಿಯೇ ಇದೇ ಲೆಕ್ಕವನ್ನು ತಮ್ಮ ಕೈಪುಸ್ತಕದಲ್ಲಿ ಮಾಡಿಟ್ಟಿದ್ದರೆಂದು ವಿಜ್ಞಾನದ ಇತಿಹಾಸಕಾರರು 1997ರಲ್ಲಿ ತೋರಿಸಿಕೊಟ್ಟರು. ತಮ್ಮ ಕೂಸನ್ನೇ ಗುರುತಿಸದೆ ನೆರೆಮನೆಯದೆಂದು ಎತ್ತಿಕೊಂಡ ತಂದೆಯ ಕಥೆಯಿದು! ಒಂದೆಡೆ ಮಾತ್ರ ಬರೆದವರಿಗೆ ಎಚ್ಚರವಾದಂತಿದೆ. ಮಸೂರದ ತಾರೆಯಿಂದ ನೋಡುವವನು ದೂರ ಸರಿದಷ್ಟೂ ಬೆಳಕಿನ ವೃದ್ಧಿಯು ಕುಗ್ಗುವ ಬದಲು ಹೆಚ್ಚುತ್ತದೆಂಬುದನ್ನು ಕಂಡು ಅವರು ಬೆರಗಾಗುತ್ತಾರೆ. ಆ ಬೆರಗಿನ ಬೆನ್ನು ಹಿಡಿದು ಇನ್ನು ನಾಲ್ಕು ಹೆಜ್ಜೆ ಹೋಗಿದ್ದರೆ!

ಹೋಗಲಿಲ್ಲ. ಇದನ್ನು ಕಣ್ಣಾರೆ ಕಾಣುವ ಆಸೆಯೇ ಇಲ್ಲವೆಂದು ಅವರು ತೀರ್ಪಿತ್ತರು. ಎರಡು ತಾರೆಗಳು ಅಷ್ಟು ನೇರವಾಗಿ ಒದಗುವುದು ದುರ್ಲಭ. ಒದಗಿದರೂ ಆ ಉಂಗುರವನ್ನು ಬಿಡಿಸಿ ತೋರುವ ಶಕ್ತಿ ದೂರದರ್ಶಕಗಳಿಗಿಲ್ಲ. ಈ ಕಾರಣಗಳು ಸುಳ್ಳಲ್ಲ. ಅಂತಹ ಉಂಗುರವು ವಿಕಲೆಯ ಸಾವಿರದಲ್ಲೊಂದು ಭಾಗದ ಆಸುಪಾಸಿನದು. ಆದರೆ ಮಸೂರವಾಗಲು ಒಂಟಿ ತಾರೆಯೇ ಏಕೆ ಬೇಕು? ಈ ಪ್ರಶ್ನೆಯನ್ನು ಟಿಪ್ಪಣಿಯು ಕೇಳಿಕೊಳ್ಳುವುದೇ ಇಲ್ಲ. ಅಂದಿನ ಯಂತ್ರಗಳ ಕೊರತೆಯನ್ನು ಇದಕ್ಕೆ ಸಮಾಧಾನವಾಗಿ ಹೇಳಲಾಗದು. ಏಕೆಂದರೆ ಮೂರು ತಿಂಗಳೊಳಗಾಗಿ, 1937ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯದ ಫ್ರಿಟ್ಜ್ ಜ್ವಿಕಿಯವರು ಅದನ್ನು ಕೇಳಿದರು. ಅಂದು ನೀಹಾರಿಕೆಗಳೆನಿಸಿದ್ದ, ಕೋಟ್ಯಂತರ ತಾರೆಗಳ ಸಮೂಹಗಳಾದ ಗೆಲಾಕ್ಸಿಗಳೇ ಮಸೂರಗಳಾದರೆ ಬಾಗು ಎಷ್ಟೋ ಹಿರಿದಾಗುತ್ತದೆ, ಕಾಣುವ ಸಂಭವವೂ ಹೆಚ್ಚುತ್ತದೆ ಎಂದು ಅವರು ತೋರಿಸಿದರು. ಈ ಆಲೋಚನೆ ಅವರ ಕಿವಿಗೆ ಬಿದ್ದುದು ಟೆಲಿವಿಷನ್ ಯಂತ್ರದ ನಿರ್ಮಾಪಕರಲ್ಲೊಬ್ಬರಾದ ಜ್ವೊರಿಕಿನರಿಂದ. ಜ್ವೊರಿಕಿನರಿಗೆ ಹೇಳಿದ್ದವರು ಅದೇ ಮಾಂಡ್ಲ್!

ಜ್ವಿಕಿಯವರ ಮಾತು ಫಲಿಸಲು ನಾಲ್ವತ್ತೆರಡು ವರ್ಷ ಹಿಡಿಯಿತು. 1979ರಲ್ಲಿ ವಾಲ್ಷ್, ಕಾರ್ಸ್‌ವೆಲ್, ವೇಮನ್ ಎಂಬ ಮೂವರು ಸಪ್ತರ್ಷಿಮಂಡಲದಲ್ಲಿ, ಸುಮಾರು ಆರು ವಿಕಲೆಗಳ ಅಂತರದಲ್ಲಿದ್ದ ಎರಡು ಕ್ವೇಸಾರ್‌ಗಳ ವರ್ಣಪಟಲಗಳನ್ನು ಪರೀಕ್ಷಿಸಿದಾಗ ಎರಡೂ ಒಂದೇ ಅಚ್ಚಿನಲ್ಲಿದ್ದವು. ವಸ್ತು ಒಂದೇ, ನಡುವಣ ಗೆಲಾಕ್ಸಿಯು ಅದನ್ನು ಎರಡಾಗಿ ತೋರುತ್ತಿತ್ತು. ಐನ್‌ಸ್ಟೈನರು ಕೈಬಿಟ್ಟಿದ್ದ ಒಂಟಿ ತಾರೆಯ ಮಸೂರವೂ 1993ರಲ್ಲಿ ಸಿಕ್ಕಿಬಿದ್ದಿತು. ಉಂಗುರವನ್ನು ಕಾಣುವ ಹಟವನ್ನು ಬಿಟ್ಟು, ಲಕ್ಷಾಂತರ ತಾರೆಗಳನ್ನು ರಾತ್ರಿ ರಾತ್ರಿಯೂ ಕಾದು ನೋಡಿದವರಿಗೆ, ಯಾವುದೋ ಒಂದು ತಾರೆ ಕೆಲವು ವಾರ ಬೆಳಗಿ ಮತ್ತೆ ಮಂಕಾಗುವುದು ಕಂಡಿತು. ಇದು ಅವರೇ ಬೆರಗಿನಿಂದ ಬರೆದಿದ್ದ ಆ ಬೆಳಕಿನ ವೃದ್ಧಿಯೇ.

ಸಪ್ತರ್ಷಿಮಂಡಲದ ಆ ಜೋಡಿಬಿಂಬಗಳಲ್ಲಿ ಒಂದರಲ್ಲಾದ ಏರಿಳಿತವು ಮತ್ತೊಂದರಲ್ಲಿ ತೋರಲು ಸುಮಾರು 417 ದಿನಗಳು ಬೇಕು; ಒಂದು ಕಿರಣದ ಹಾದಿಗಿಂತ ಇನ್ನೊಂದರದು ಅಷ್ಟು ಬಳಸು.